ಹೆಗ್ಗಣದ ರಾಗಿ, ಮುಳ್ಳುಹಂದಿಯ ಕಾಲೇಜು

ಒಂದು ಕಾಡಿನಲ್ಲಿ, ಹೊಳೆಯ ಈಚೆ ದಡದಲ್ಲಿ, ಮುಳ್ಳುಹಂದಿಗಳ ಹಳೆಯ ಮನೆತನವೊಂದಿತ್ತು. ತಲೆತಲಾಂತರದಿಂದ ಆ ಮನೆಯವರು ಕೇಳದೆ ಯಾರ ಗೆಡ್ಡೆಯನ್ನೂ ಮುಟ್ಟಿದವರಲ್ಲ. ಸಿಂಹರಾಜನ ಆಸ್ಥಾನದಲ್ಲೂ ಅವರ ಮಾತಿಗೆ ಬೆಲೆಯಿತ್ತು. ಆದರೆ ಈಗ ಮನೆಯಲ್ಲಿ ಉಳಿದವರು ಸೂಜಮ್ಮ ಮತ್ತು ಅವಳ ಮಗಳು ಚಿಗುರಿ ಇಬ್ಬರೇ. ನಾಳೆಗೆಂದು ಬಿಲದಲ್ಲಿ ಏನೂ ಉಳಿಯುತ್ತಿರಲಿಲ್ಲ.

ಕಾಲೇಜು ಹೊಳೆಯಾಚೆಗಿತ್ತು. ಬೆಳಗಾದರೆ ಅಲ್ಲಿಂದ ಪಾಠದ ದನಿ ನೀರಿನ ಮೇಲೆ ತೇಲಿ ಬರುತ್ತಿತ್ತು. ಚಿಗುರಿ ದಡದಲ್ಲಿ ಕುಳಿತು ಕೇಳುತ್ತಿದ್ದಳು. ಗಾಳಿ ತಿರುಗಿದರೆ ಪಾಠ ಅರ್ಧಕ್ಕೇ ನಿಲ್ಲುತ್ತಿತ್ತು. ಆ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

“ಅಮ್ಮಾ, ಮುಂದೆ ಏನು ಹೇಳಿರಬಹುದು?” ಎಂದು ಕೇಳುತ್ತಿದ್ದಳು. ಸೂಜಮ್ಮನಿಗೆ ಗೊತ್ತಿರಲಿಲ್ಲ.

ಆ ವರ್ಷ ಸಿಂಹರಾಜನ ಸರಕಾರ, ಈಚೆ ದಡದ ಒಬ್ಬ ಬಡ ವಿದ್ಯಾರ್ಥಿಯ ಕಾಲೇಜು ಶುಲ್ಕವನ್ನು ತಾನೇ ಕಟ್ಟುವುದಾಗಿ ಸಾರಿತು. ಯಾರು ಬಡವರೆಂದು ನೋಡುವ ಕೆಲಸ ಆನೆಯದು. ಆನೆ ಬಿಲದೊಳಗೆ ಹೋಗಲಾರದು. ಆದ್ದರಿಂದ ಸೊಂಡಿಲು ತೂರಿಸಿ ಮೂಸಿ ನೋಡುವುದೇ ಅಲ್ಲಿನ ಪದ್ಧತಿ.

ಪಕ್ಕದ ಬಿಲದಲ್ಲಿ ಡೊಳ್ಳಪ್ಪನೆಂಬ ಹೆಗ್ಗಣವಿತ್ತು. ಅವನ ಮನೆ ತುಂಬ ರಾಗಿ. ಆದರೂ ಸರಕಾರದ ಆ ನೆರವು ತನ್ನ ಮಗನಿಗೇ ಸಿಗಬೇಕೆಂದು ಅವನ ಆಸೆ. ಆನೆ ಬರುವ ದಿನ ತಾಯಿ ಮಗಳು ಹೊಳೆಗೆ ಹೋದದ್ದೇ ತಡ, ಅವನು ನಡುವಿನ ಮಣ್ಣು ಕೊರೆದು ರಾಗಿಯನ್ನೆಲ್ಲ ಅವರ ಬಿಲಕ್ಕೆ ತಳ್ಳಿದ.

ತಾಯಿ ಮಗಳು ಮರಳುವಷ್ಟರಲ್ಲಿ ಆನೆ ಬಂದು ಎರಡೂ ಬಿಲಗಳನ್ನು ಮೂಸಿತು. “ಸೂಜಮ್ಮನವರೇ, ನಿಮ್ಮ ಮನೆ ತುಂಬಿದೆಯಲ್ಲ! ಡೊಳ್ಳಪ್ಪನ ಮನೆಯಲ್ಲಿ ಬರೀ ಮಣ್ಣು.”

ಚಿಗುರಿ ಹೊಳೆಯಾಚೆ ನೋಡಿದಳು. ಆಚೆ ದಡ ಹಿಂದೆಂದಿಗಿಂತ ದೂರ ಕಂಡಿತು.

“ಆ ರಾಗಿ ನಮ್ಮದಲ್ಲ,” ಎಂದಳು ಸೂಜಮ್ಮ.

“ದೊಡ್ಡ ಮನೆತನ ನೋಡಿ ಸ್ವಾಮಿ, ಬಚ್ಚಿಟ್ಟು ಅಭ್ಯಾಸ!” ಎಂದು ಡೊಳ್ಳಪ್ಪ ಹಲ್ಲು ಕಿರಿದ. “ನನ್ನ ಹತ್ತಿರ ಒಂದು ಕಾಳೂ ಇಲ್ಲ.”

ಸೂಜಮ್ಮನ ಮುಳ್ಳುಗಳು ನೆಟ್ಟಗಾದವು. “ಹಾಗಾದರೆ ಅದು ಯಾರದೂ ಅಲ್ಲ. ಹಕ್ಕಿಗಳಿಗೆ ಹಾಕಿಬಿಡಿ.”

ಆನೆ ಸೊಂಡಿಲಿನಿಂದ ರಾಗಿ ಸೆಳೆದು ಬಯಲಿಗೆ ಎರಚಿತು. ಗುಬ್ಬಿಗಳು ಮುತ್ತಿದವು. ಡೊಳ್ಳಪ್ಪನ ಮೀಸೆ ನಡುಗಿತು. ಆನೆ ಮತ್ತೆ ಎರಚಿತು.

“ನಿಲ್ಲಿಸಿ! ನನ್ನ ರಾಗಿ ಅದು! ನಾನು ಕೂಡಿಟ್ಟದ್ದು!” ಎಂದು ಡೊಳ್ಳಪ್ಪ ಕಿರುಚಿದ.

ಆನೆ ಸೊಂಡಿಲು ಇಳಿಸಿತು. “ಶುಲ್ಕದ ನೆರವು ಚಿಗುರಿಗೆ,” ಎಂದಿತು.

ಡೊಳ್ಳಪ್ಪ ಗೋಗರೆದ. “ಅಕ್ಕಾ, ಅರ್ಧ ರಾಗಿ ನೀವೇ ಇಟ್ಟುಕೊಳ್ಳಿ. ಕಾಡಿಗೆಲ್ಲ ಹೇಳಬೇಡಿ.”

“ನಿನ್ನ ರಾಗಿ ನಮಗೆ ಬೇಡ,” ಎಂದಳು ಸೂಜಮ್ಮ. “ನನ್ನ ಮಗಳ ಮುಂದೆ ನಿಂತು ಕ್ಷಮೆ ಕೇಳು.”

ನೀತಿ: ಇಲ್ಲದವರ ಓದಿಗೆಂದು ಕೊಡುವ ನೆರವಿಗೆ ಉಳ್ಳವರು ಕೈಚಾಚಬಾರದು. ಚಾಚಿದವರು ಕ್ಷಮೆ ಕೇಳಲೇಬೇಕು.