ತಿಪ್ಪೇಶಿ ವಾಲ್ವ್ ಹುಡುಕಿದ್ದು

ಓಬಮ್ಮ ಅಂತ ಒಬ್ಬಳಿದ್ದಳು, ಅವಳಿಗೆ ತಿಪ್ಪೇಶಿ ಅಂತ ಒಬ್ಬ ಮಗ. ವಯಸ್ಸು ಮೂವತ್ತು, ಮೈ ಎತ್ತಿನಂಥದ್ದು, ಮನಸ್ಸು ಹಾಲಿನಂಥದ್ದು, ಬುದ್ಧಿ ಮಾತ್ರ... ಬೇಡ ಬಿಡಿ, ನೀವೇ ನೋಡ್ತೀರಿ. ಅವ್ವ ಹೇಳಿದ ಮಾತು ಅವನು ಮೀರಿದವನೇ ಅಲ್ಲ. ಓಬಮ್ಮನ ತಲೆನೋವೇ ಅದು! "ಒಲೆ ಮೇಲೆ ಹಾಲಿದೆ, ನೋಡ್ತಾ ಇರು" ಅಂದರೆ ಹಾಲು ಉಕ್ಕಿ ಒಲೆ ಆರೋ ತನಕ ನೋಡ್ತಾನೇ ಇರೋನು.

"ನನ್ನ ಹೊಟ್ಟೇಲಿ ಹುಟ್ಟಿ ನನ್ನ ಹೊಟ್ಟೇನೇ ಉರಿಸ್ತೀಯಲ್ಲೋ!" ಅಂತ ಓಬಮ್ಮ ಹಣೆ ಚಚ್ಚಿಕೊಳ್ಳೋಳು.

"ಉರೀತಾ ಇದ್ರೆ ಮಜ್ಜಿಗೆ ಕುಡಿ ಅವ್ವ" ಅಂತ ಅವನು ಲೋಟ ತರೋನು.

ಓಬಮ್ಮ ಹಪ್ಪಳ ಮಾಡಿ ಜೀವನ ಮಾಡೋಳು. ಆವತ್ತು ಒಂದು ಮದುವೆ ಮನೆಗೆ ಸಾವಿರ ಹಪ್ಪಳ ಸಂಜೆಯೊಳಗೆ ಕೊಡಬೇಕಿತ್ತು. ಅಡುಗೆಮನೆ ಪಕ್ಕದ ಕೋಣೇಲಿ ಚಾಪೆ ಹಾಸಿ, ಮೇಲೆ ಫ್ಯಾನು ಹಾಕಿ, ಸಾವಿರಾನೂ ಸಾಲಾಗಿ ಹರಡಿದ್ದಳು. ಬೀದಿಗೆ ನಲ್ಲಿ ನೀರು ಬಿಡೋ ದಿನವೂ ಅದೇ. ನೀರು ಬಂತು. ಹೇಗೆ ಬಂತು ಅಂತೀರಿ? ಬುಸ್ ಅಂತ ಬಂತು! ಬಂದ ರಭಸಕ್ಕೆ ಅಡುಗೆಮನೆ ನಲ್ಲಿ ಟಪ್ ಅಂತ ಕಿತ್ಕೊಂಡು ಹಾರಿ ಎದುರುಗೋಡೆಗೆ ಬಡಿದು ಪಾತ್ರೆಗಳ ನಡುವೆ ಬಿತ್ತು. ಗೋಡೆಯ ತೂತಿನಿಂದ ನೀರು ಜರ್ರೋ ಅಂತ ಸುರೀತು.

ಓಬಮ್ಮ ಓಡಿ ಹೋಗಿ ಸೆರಗು ಉಂಡೆ ಮಾಡಿ ತೂತಿಗೆ ತುರುಕಿ, ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ಕೈ ಬಿಟ್ಟರೆ ಹಪ್ಪಳ ಹೋಯ್ತು! ಒತ್ತಿ ಹಿಡಿದರೂ ಬೆರಳ ಸಂದಿಯಿಂದ ನೀರು ಜಿನುಗಿ ಹೊಸ್ತಿಲ ಕಡೆ ಹರೀತಾ ಇತ್ತು.

"ತಿಪ್ಪೇಶೀ! ಹೊರಗಡೆ ನೀರು ಬಂದ್ ಮಾಡೋ ವಾಲ್ವ್ ಇದೆ ಕಣೋ! ಓಡು, ಹುಡುಕು!"

ತಿಪ್ಪೇಶಿ ಓಡಿದ. ಹುಡುಕಿದ. ತುಳಸಿಕಟ್ಟೆ ಹಿಂದೆ ಹುಡುಕಿದ, ಚಪ್ಪಲಿ ಕೆಳಗೆ ಹುಡುಕಿದ, ತನ್ನ ಜೇಬಲ್ಲೂ ಹುಡುಕಿದ. ವಾಪಸ್ ಬಂದ.

"ಹುಡುಕಿದೆ ಅವ್ವ!"

"ಬಂದ್ ಮಾಡಿದ್ಯಾ?"

"ಇಲ್ಲ."

"ಮತ್ತೆ ಸಿಕ್ತೇನೋ?"

"ಇಲ್ಲ. ಹುಡುಕು ಅಂದಿದ್ದೆ, ಹುಡುಕಿದೆ."

"ಅಯ್ಯೋ ನನ್ನ ಕರ್ಮವೇ! ಅದಕ್ಕೊಂದು ಚಕ್ರ ಇರುತ್ತೆ ಕಣೋ, ಕಬ್ಬಿಣದ ಚಕ್ರ! ಹಿಡಿದು ಬಲಕ್ಕೆ ತಿರುಗಿಸು! ಬಲಕ್ಕೆ!"

ಚಕ್ರ, ಬಲಕ್ಕೆ. ಚಕ್ರ, ಬಲಕ್ಕೆ. ಬಾಯಲ್ಲಿ ಹೇಳ್ಕೊಂಡೇ ತಿಪ್ಪೇಶಿ ಓಡಿದ. ಬೀದಿಗೆ ಬಂದ ಕೂಡಲೇ ಕಂಡೇಬಿಡ್ತಲ್ಲ! ಕಬ್ಬಿಣದ್ದೇ, ಚಕ್ರವೇ, ಎದೆಯೆತ್ತರದ್ದು! ಕಬ್ಬಿನ ಹಾಲು ಮಾರುವ ಬೋರಣ್ಣನ ಗಾಡಿ ಮೇಲೆ ಕಬ್ಬು ಹಿಂಡೋ ಚಕ್ರ ಅದು. ಬೋರಣ್ಣ ಆಗತಾನೇ ಕಬ್ಬು ತುರುಕಿ, ಬೀಡಿ ಹಚ್ಚೋಕೆ ಆ ಕಡೆ ತಿರುಗಿದ್ದ. ತಿಪ್ಪೇಶಿ ಎರಡೂ ಕೈ ಹಾಕಿ ಬಲಕ್ಕೆ ತಿರುಗಿಸಿದ. ಕಿರ್ರ್ ಅಂತು. ಕೆಳಗಡೆ ಸೊರ್ರ್ ಅಂತ ಹಾಲು ಇಳೀತು.

"ಅಯ್ಯೋ, ಇಲ್ಲೂ ಸೋರ್ತಾ ಇದೆ!" ಅಂತ ಇನ್ನೂ ಜೋರಾಗಿ ತಿರುಗಿಸಿದ. ತಿರುಗಿಸಿದಷ್ಟೂ ಸೋರ್ತು! ಪಾತ್ರೆ ತುಂಬಿ, ಗಾಡಿ ತೊಯ್ದು, ಬೋರಣ್ಣನ ಚಪ್ಪಲಿ ತುಂಬಾ ಕಬ್ಬಿನ ಹಾಲು.

"ಏಯ್! ಬಿಡೋ! ಬಿಡೋ!" ಬೋರಣ್ಣ ಕಬ್ಬಿನ ಜಲ್ಲೆ ಹಿಡಿದು ಅಟ್ಟಿಸಿಕೊಂಡು ಬಂದ.

"ಅವ್ವಾ, ತಿರುಗಿಸಿದೆ! ನಿಲ್ಲಲಿಲ್ಲ. ಸಿಹಿ ಆಯ್ತು!" ಅಂತ ತಿಪ್ಪೇಶಿ ಅಡುಗೆಮನೆಗೆ ಓಡಿ ಬಂದ.

ವಿಷಯ ಕೇಳಿ ಓಬಮ್ಮನಿಗೆ ಅಳಬೇಕೋ ನಗಬೇಕೋ ತಿಳೀಲಿಲ್ಲ. "ಬೇರೆಯವರ ಚಕ್ರಕ್ಕೆ ಯಾಕೆ ಕೈ ಹಾಕ್ದೆ, ಮುಂಡೇದೇ! ನಮ್ಮನೆ ನೀರಿನ ಪೈಪು ಹಿಡ್ಕೋ. ಅದು ಎಲ್ಲಿಗೆ ಹೋಗುತ್ತೋ ಅಲ್ಲಿಗೆ ನೀನೂ ಹೋಗು!"

ಇದು ಸುಲಭ ಅನ್ನಿಸ್ತು ತಿಪ್ಪೇಶಿಗೆ. ಅಡುಗೆಮನೆ ಗೋಡೆಯ ಹೊರಗಡೆ ಪೈಪು ಹಿಡಿದ. ಪೈಪು ಮೇಲೆ ಹೋಯ್ತು, ಇವನೂ ಏಣಿ ಹಾಕಿ ಮೇಲೆ ಹೋದ. ಪೈಪು ಮಾಳಿಗೆ ಮೇಲೆ ಬಲಕ್ಕೆ ಹೊರಳ್ತು, ಇವನೂ ಹೊರಳಿದ. ಪೈಪು ಕರೀ ಟ್ಯಾಂಕಿನೊಳಗೆ ಹೋಯ್ತು. ತಿಪ್ಪೇಶಿ ಒಂದು ಗಳಿಗೆ ನಿಂತ. ಒಳಗೆ ನೀರು ತಣ್ಣಗಿತ್ತು, ಕತ್ತಲಿತ್ತು. ಹೆದರಿಕೆಯೂ ಆಯ್ತು, ಪಾಪ. ಆದರೆ ಅವ್ವ ಹೇಳಿದ್ದಾಳೆ! ಮೂಗು ಹಿಡ್ಕೊಂಡ, ದುಡುಮ್!

ಕೋಣೇಲಿ ಮುಂದಿನ ಸಾಲಿನ ಹಪ್ಪಳಕ್ಕೂ ನೀರಿಗೂ ಇನ್ನು ಎರಡೇ ಗೇಣು. ಅಷ್ಟರಲ್ಲಿ ತಿಪ್ಪೇಶಿ ತೊಟ್ಟಿಕ್ಕುತ್ತಾ ಬಂದು ನಿಂತ.

"ಅವ್ವಾ, ಪೈಪು ಟ್ಯಾಂಕಿನೊಳಗೆ ಹೋಯ್ತು. ನಾನೂ ಹೋದೆ. ಅಲ್ಲಿಂದ ಮುಂದೆ ಅದು ಎಲ್ಲೂ ಹೋಗಲಿಲ್ಲ. ಬಂದುಬಿಟ್ಟೆ."

"ಕುಡಿಯೋ ನೀರಲ್ಲಿ ಮುಳುಗಿ ಎದ್ದು ಬಂದ್ಯೇನೋ! ಮೇಲೆ ಹೋಗಬೇಡ ಕಣೋ! ಕೆಳಗೆ! ನೆಲದ ಮೇಲೆ, ಗೇಟಿನ ಹತ್ರ, ಮುಚ್ಚಳ ಇರುತ್ತೆ. ಮುಚ್ಚಳ ತೆಗೆದು ಒಳಗೆ ಕೈ ಹಾಕು!"

ಗೇಟಿನ ಹತ್ರ ಆ ಹೊತ್ತಿಗೆ ಸರಿಯಾಗಿ ಮೊಸರಿನ ಗೌರಸಂದ್ರಮ್ಮ ಬಂದು, ಗಡಿಗೆ ನೆಲದ ಮೇಲಿಟ್ಟು, ಉಸ್ಸಪ್ಪಾ ಅಂತ ಕೂತಿದ್ದಳು. ಗಡಿಗೆಗೆ ಮುಚ್ಚಳ. ತಿಪ್ಪೇಶಿ ಮುಚ್ಚಳ ತೆಗೆದ, ಮೊಣಕೈ ತನಕ ಕೈ ಹಾಕಿದ. ಗರಗರ ತಡಕಾಡಿದ.

"ಏನ್ ಹುಡುಕ್ತಿದೀಯೋ ನನ್ ಮೊಸರಲ್ಲಿ!"

"ಚಕ್ರ!"

ಗೌರಸಂದ್ರಮ್ಮ ಕೂಗಾಡ್ತಾ ಅಡುಗೆಮನೆಗೇ ನುಗ್ಗಿದಳು. ಓಬಮ್ಮ ಕೈ ಬಿಡದೇನೇ, "ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ನೀನಾದ್ರೂ ಆ ವಾಲ್ವ್ ತಿರುಗಿಸೇ!" ಅಂದಳು.

"ನಮ್ಮೂರಲ್ಲಿರೋದು ಬಾವಿ ಕಣಮ್ಮ, ವಾಲ್ವ್ ನಾನೇನು ಕಂಡೆ!" ಅಂತ ಗೌರಸಂದ್ರಮ್ಮ ಗಡಿಗೆ ಹೊತ್ಕೊಂಡು ಹೊರಟೇಹೋದಳು.

ತಿಪ್ಪೇಶಿ ಬಿಳೀ ಕೈ ನೋಡ್ಕೊಂಡು ನಿಂತಿದ್ದ. "ಚಕ್ರ ಇರಲಿಲ್ಲ ಅವ್ವ. ಬೆಣ್ಣೆ ಬಂತು."

"ಮೊಸರಿನ ಗಡಿಗೇಲಿ ಅಲ್ಲ ಕಣೋ, ಮೀಟರ್ ಇರೋ ಕಡೆ! ಮೀಟರ್ ಗೊತ್ತೇನೋ? ಗಾಜಿನೊಳಗೆ ಅಂಕಿ ಓಡುತ್ತಲ್ಲ, ಅದು! ಅದರ ಪಕ್ಕದಲ್ಲಿರೋದನ್ನ ಬಂದ್ ಮಾಡು!"

ಗಾಜು, ಅಂಕಿ, ಪಕ್ಕ, ಬಂದ್. ಪಡಸಾಲೆಯ ಗೋಡೇಲಿ ಗಾಜಿತ್ತು, ಅಂಕಿ ಓಡ್ತಿತ್ತು, ಪಕ್ಕದಲ್ಲೊಂದು ದೊಡ್ಡ ಸ್ವಿಚ್ ಇತ್ತು. ತಿಪ್ಪೇಶಿ ಟಕ್ ಅಂತ ಕೆಳಗೆ ಮಾಡಿದ. ಹಪ್ಪಳದ ಮೇಲಿನ ಫ್ಯಾನು ಗೊರ್ರ್ ಅಂತ ನಿಂತುಹೋಯ್ತು.

"ನಿಂತ್ಹೋಯ್ತು ಅವ್ವ!" ಕುಣಿದುಬಿಟ್ಟ!

"ನಿಂತಿದ್ದು ಕರೆಂಟು ಕಣೋ!" ಓಬಮ್ಮ ಕಿರುಚಿದಳು. ಕೈ ಮರಗಟ್ಟಿತ್ತು. ನೀರು ಮೊದಲ ಹಪ್ಪಳ ಮುಟ್ಟೇಬಿಟ್ಟಿತ್ತು. ಅವಳು ಕಣ್ಣು ಮುಚ್ಚಿ, ಕೂಸಿಗೆ ತುತ್ತು ಕೊಡೋ ಹಾಗೆ ಒಂದೊಂದೇ ಮಾತು ಹೇಳಿದಳು. "ಮಗಾ, ಗೇಟಿಗೆ ಹೋಗು. ಗೇಟಿನ ಒಳಗಡೆ ನೆಲದಲ್ಲಿ ಕಬ್ಬಿಣದ ಚೌಕದ ಮುಚ್ಚಳ ಇದೆ. ಅದನ್ನ ಎತ್ತು. ಕೆಳಗೆ ಸಣ್ಣ ಗುಂಡಿ. ಗುಂಡೀಲಿ ನೀರಿನ ಮೀಟರ್. ಮೀಟರಿನ ಪಕ್ಕದಲ್ಲಿ ಅಂಗೈಯಷ್ಟು ಚಕ್ರ. ಬಲಕ್ಕೆ ತಿರುಗಿಸು. ಇನ್ನು ತಿರುಗಲ್ಲ ಅನ್ನೋ ತನಕ ತಿರುಗಿಸು. ಅದೇ ವಾಲ್ವ್. ಆಮೇಲೆ ಬಾ."

ತಿಪ್ಪೇಶಿ ಹೋದ. ಮುಚ್ಚಳ ಎತ್ತಿದ. ಜಿರಲೆ ಓಡಿದವು, ಹೆದರಲಿಲ್ಲ. ಗುಂಡಿ ಇತ್ತು, ಮೀಟರ್ ಇತ್ತು, ಚಕ್ರವೂ ಇತ್ತು! ತುಕ್ಕು ಹಿಡಿದು ಗಟ್ಟಿಯಾಗಿತ್ತು. ಹಲ್ಲು ಕಚ್ಚಿ ತಿರುಗಿಸಿದ, ತಿರುಗಿಸಿದ, ಇನ್ನು ತಿರುಗಲ್ಲ ಅನ್ನೋ ತನಕ ತಿರುಗಿಸಿದ.

ಅಡುಗೆಮನೇಲಿ ನೀರು ಸಣ್ಣಗಾಯ್ತು. ಹನಿಯಾಯ್ತು. ನಿಂತೇಹೋಯ್ತು!

ಓಬಮ್ಮ ಮೆಲ್ಲಗೆ ಕೈ ತೆಗೆದಳು. ತೂತು ಸುಮ್ಮನಿತ್ತು. ಓಡಿ ಹೋಗಿ ನೋಡಿದರೆ ನೆಂದಿದ್ದು ಏಳೇ ಹಪ್ಪಳ. ಮಗನ ಒದ್ದೆ ತಲೆ ತಬ್ಬಿಕೊಂಡು ಅತ್ತಳು, ನಕ್ಕಳು. ತಿಪ್ಪೇಶಿಗೆ ಹುಟ್ಟಿದ ಮೇಲೆ ಮೊದಲ ಸಲ ಬೈಗುಳ ಇಲ್ಲದ ಕೆಲಸ! ಅವನ ಕಿವಿ ಕೆಂಪಾಯ್ತು.

ಫ್ಯಾನು ಮತ್ತೆ ತಿರುಗ್ತು, ಫೋನು ಮಾಡಿದ್ದಕ್ಕೆ ಪ್ಲಂಬರ್ ಬಾಷಾ ಸಾಬ್ರೂ ಬಂದರು. ಸಾಮಾನಿನ ಚೀಲ ಬಾಗಿಲಲ್ಲಿಟ್ಟು ತೂತು ಬಗ್ಗಿ ನೋಡಿ, "ನಲ್ಲಿ ಹೊಸದು ಹಾಕೋಣ ಬಿಡಿ. ಹೊರಗಿನ ವಾಲ್ವ್ ಸರಿಯಾಗಿ ಕೂತಿದೆಯೋ ಇಲ್ಲವೋ, ಒಂದ್ಸಲ ನೋಡಬೇಕಲ್ಲ" ಅಂದರು.

ಓಬಮ್ಮ ಹೆಮ್ಮೆಯಿಂದ ಮಗನ ಕಡೆ ತಿರುಗಿದಳು. "ಲೇ ತಿಪ್ಪೇಶಿ, ಸಾಬ್ರಿಗೆ ವಾಲ್ವ್ ತೋರಿಸೋ!"

ತಿಪ್ಪೇಶಿ ಬಾಗಿಲಿಗೆ ಹೋದ, ಚೀಲದಿಂದ ದೊಡ್ಡ ಸ್ಪ್ಯಾನರ್ ತಗೊಂಡ, ಗೇಟಿನ ಕಡೆ ನಡೆದ. ಇವರಿಬ್ಬರೂ ನಲ್ಲಿ ಯಾವುದು ಹಾಕೋದು ಅಂತ ಮಾತಾಡ್ತಾ ಇದ್ದರು. ಸ್ವಲ್ಪ ಹೊತ್ತಾಯ್ತು. ಹೊರಗಡೆ ಧಡ್ ಅಂತೊಂದು ಸದ್ದು, ಹಿಂದೆಯೇ ಬೀದಿ ತುಂಬಾ ಕೂಗಾಟ. ಕಿಟಕೀಲಿ ನೋಡಿದರೆ ಗೇಟಿನ ಹತ್ರ ತೆಂಗಿನ ಮರದೆತ್ತರ ನೀರು ಚಿಮ್ಮುತ್ತಾ ಇದೆ!

ಆ ನೀರೊಳಗಿಂದ ತಿಪ್ಪೇಶಿ ನಡೆದು ಬಂದ. ತುಕ್ಕು ಹಿಡಿದ ವಾಲ್ವನ್ನ ಎರಡೂ ಕೈಯಲ್ಲಿ ಪ್ರಸಾದದ ಹಾಗೆ ಹಿಡಿದಿದ್ದ.

"ನೋಡಿ ಸಾಬ್ರೇ. ಇದೇ ವಾಲ್ವ್."

"ಯಾ ಅಲ್ಲಾ! ಮೊದಲು ನೀರು ನಿಲ್ಲಿಸೋ!" ಸಾಬ್ರು ಕಿರುಚಿದರು.

"ಅಷ್ಟೇ ತಾನೇ? ಯಾಕೆ ಗಾಬರಿ ಆಗ್ತೀರಿ" ಅಂದ ತಿಪ್ಪೇಶಿ. ಅಲ್ಲೇ ನಡುಮನೇಲಿ ನಿಂತ್ಕೊಂಡು, ಕೈಯಲ್ಲಿದ್ದ ವಾಲ್ವಿನ ಚಕ್ರ ಬಲಕ್ಕೆ, ಇನ್ನು ತಿರುಗಲ್ಲ ಅನ್ನೋ ತನಕ ತಿರುಗಿಸಿ, "ಈಗ ಹೋಗಿ ನೋಡಿ, ನಿಂತಿರುತ್ತೆ" ಅಂದ.