ಚೆನ್ನಾಜಮ್ಮನ ಅರಿಶಿನದ ಪಾತಿ

ಪೂಜ್ಯ ಗುರುಪಾದಮ್ಮನವರ ಮಠವೆಂದರೆ ಎರಡಂಕಣದ ನಾಡಹೆಂಚಿನ ಮನೆ, ಹಿಂದೆ ಅರ್ಧ ಎಕರೆ ಅರಿಶಿನದ ಹಿತ್ತಲು. ಹದಿನೇಳಕ್ಕೇ ಗಂಡನನ್ನು ಕಳೆದುಕೊಂಡ ಅಮ್ಮನವರು ದೀಕ್ಷೆ ಪಡೆದ ಮೇಲೆ ಆ ಹಿತ್ತಲನ್ನು ತಾವೇ ಅಗೆದು ತಾವೇ ನೆಡುತ್ತಿದ್ದರು. ಗಂಡ ಸತ್ತವಳು ಬಿತ್ತನೆ ಅರಿಶಿನ ಮುಟ್ಟಬಾರದು ಎನ್ನುವ ಊರು ಅದು. ಅದೇ ಊರು ಅಮ್ಮನವರು ಬೆಳೆದ ಅರಿಶಿನವನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಒಯ್ಯುತ್ತಿತ್ತು. ಅವರದು ದೇವರ ಕೈಯಂತೆ. ಉಳಿದ ವಿಧವೆಯರ ಕೈ ಯಾರದೆಂದು ಯಾರೂ ಹೇಳಿರಲಿಲ್ಲ.

ಒಂದು ಬೆಳಿಗ್ಗೆ ಅಮ್ಮನವರು ಜಗಲಿಯಲ್ಲಿ ಬಿತ್ತನೆ ಗಡ್ಡೆ ಆರಿಸುತ್ತಿದ್ದಾಗ ಚೆನ್ನಾಜಮ್ಮ ಕುಕ್ಕೆಯೊಂದನ್ನು ಹೊತ್ತು ಬಂದಳು. ಗಂಡ ತೀರಿ ಆರು ತಿಂಗಳಾಗಿತ್ತು. ಅವನು ಬಿಟ್ಟುಹೋದ ಒಂದು ಎಕರೆಯಲ್ಲಿ ತಾನೇ ಅರಿಶಿನ ನೆಡುತ್ತೇನೆಂದು ಅವಳು ಹಟ ಹಿಡಿದಿದ್ದಳು. ಕೂಡದೆಂದು ಭಾವ ಪುಟ್ಟಮಾದಪ್ಪ ಊರ ಯಜಮಾನರನ್ನು ಸೇರಿಸಿದ್ದ. ಒಂದು ಪಾತಿ ಅವಳೇ ನೆಡಲಿ, ಮೂವತ್ತು ದಿನದಲ್ಲಿ ಮೊಳಕೆ ಬಂದರೆ ಹೊಲ ಅವಳದು, ಬಾರದಿದ್ದರೆ ಭಾವನದು ಎಂದು ಯಜಮಾನರು ತೀರ್ಮಾನಿಸಿದ್ದರು. ಬಿತ್ತನೆ ಕೊಟ್ಟದ್ದು ಭಾವನ ಮನೆಯಿಂದಲೇ. ಅಂದು ಮೂವತ್ತನೆಯ ದಿನ. ಪಾತಿಯಲ್ಲಿ ಒಂದು ಹಸಿರು ಮುಳ್ಳೂ ಎದ್ದಿರಲಿಲ್ಲ.

ಅವಳ ಹಿಂದೆಯೇ ಪುಟ್ಟಮಾದಪ್ಪ ಹೆಂಡತಿ ದೇವೀರಮ್ಮನನ್ನು ಕರೆದುಕೊಂಡು ಬಂದ.

"ಅಮ್ಮಾವ್ರೆ, ನೀವೇ ಒಂದ್ ಮಾತ್ ಹೇಳಿ ಇವಳಿಗೆ," ಎಂದ. "ಭೂಮ್ತಾಯಿನೇ ಬೇಡ ಅಂದ್ಮೇಲೆ ಇನ್ನೇನು."

"ನಿಮ್ ತಮ್ಮ ಇದ್ದಾಗ ಹನ್ನೊಂದ್ ವರ್ಷ ನೆಟ್ಟಿದ್ದು ಇದೇ ಕೈ ಅಲ್ವಾ ಭಾವ," ಎಂದಳು ಚೆನ್ನಾಜಮ್ಮ. "ಆಗ ಕೂಲಿ ಉಳೀತು ಅಂತಿದ್ರಿ. ಭೂಮ್ತಾಯಿ ನಿಮ್ ಕಿವೀಲಿ ಏನೂ ಹೇಳಿರಲಿಲ್ವಾ ಆವಾಗ?"

"ನೋಡಿ, ನಾಲಿಗೆ ನೋಡಿ ಇವಳ್ದು."

ಅಮ್ಮನವರು ಯಾರ ಮುಖವನ್ನೂ ನೋಡಲಿಲ್ಲ. ಕುಕ್ಕೆಯನ್ನು ಹತ್ತಿರಕ್ಕೆ ಎಳೆದುಕೊಂಡು, "ಇದು ಯಾವುದು?" ಎಂದು ಕೇಳಿದರು.

"ನೆಟ್ಟು ಮಿಕ್ಕಿದ ಬಿತ್ತನೆ, ತಾಯಿ. ಮೂಲೇಲಿ ಹುಲ್ಲು ಮುಚ್ಚಿ ಇಟ್ಟಿದ್ದೆ."

ಅಮ್ಮನವರು ಒಂದು ಗಡ್ಡೆಯನ್ನು ತಿರುಗಿಸಿ ನೋಡಿದರು, ಉಗುರಿನಿಂದ ಕೆರೆದರು, ಮುರಿದು ಮೂಸಿದರು. ಬಳಿಕ ತಾವು ಆರಿಸುತ್ತಿದ್ದ ರಾಶಿಯಿಂದ ಒಂದನ್ನು ಎತ್ತಿ ಅದರ ಪಕ್ಕದಲ್ಲಿಟ್ಟರು. ಮಠದ ಗಡ್ಡೆ ಮಣ್ಣು ಕಾಣದೆಯೇ ನಾಲ್ಕು ಕಡೆ ಮೊಳೆತಿತ್ತು.

"ಅರಿಶಿನ ಬೇರಲ್ಲಪ್ಪ, ಮಣ್ಣೊಳಗೆ ಮಲಗಿದ ಕಾಂಡ," ಎಂದರು. "ಕಬ್ಬಿನ ಹಾಗೆ ಇದಕ್ಕೂ ಗಣ್ಣಿದೆ, ಗಣ್ಣಿನಲ್ಲಿ ಕಣ್ಣಿದೆ. ತನ್ನ ಊಟ ತಾನೇ ಕಟ್ಟಿಕೊಂಡಿರುತ್ತದೆ. ಮೂಲೆಗೆ ಎಸೆದರೂ ಮೊಳೆಯುತ್ತದೆ. ನೆಟ್ಟವಳ ಹಣೆ ನೋಡುವುದಿಲ್ಲ."

ಆಮೇಲೆ ಆ ಕುಕ್ಕೆಯನ್ನು ದೇವೀರಮ್ಮನ ಮುಂದಕ್ಕೆ ಸರಿಸಿದರು. "ನೀನು ಮುತ್ತೈದೆ. ಇದನ್ನು ನಮ್ಮ ಹಿತ್ತಲಲ್ಲಿ ನೆಡು. ಮೂವತ್ತು ದಿನ ನೋಡೋಣ. ಯಜಮಾನರನ್ನೂ ಕರೆಸುತ್ತೇನೆ."

ದೇವೀರಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಅದ್ಯಾಕೆ ಅಮ್ಮಾವ್ರೆ," ಪುಟ್ಟಮಾದಪ್ಪ ನಡುವೆ ಬಾಯಿ ಹಾಕಿದ, "ಮನೇಲಿ ಬೇರೆ ಒಳ್ಳೆ ಬಿತ್ತನೆ ಐತೆ, ತರುಸ್ತೀನಿ."

"ಇದಕ್ಕೇನಾಗಿದೆ?" ಎಂದರು ಅಮ್ಮನವರು.

ಉತ್ತರಿಸಿದ್ದು ದೇವೀರಮ್ಮ. ಗಂಡನ ಎದುರು ಅವಳು ಅಷ್ಟು ಮಾತಾಡಿದ್ದನ್ನು ಊರು ಅದುವರೆಗೆ ಕೇಳಿರಲಿಲ್ಲ.

"ನಾನ್ ನೆಡಾಕಿಲ್ಲ. ಇವ್ರು ಹೇಳುದ್ರು, ನಾನೇ ಕುದಿನೀರಿಗೆ ಅದ್ದಿ ತೆಗ್ದು ಕೊಟ್ಟೆ. ಇದು ಯಾರ್ ನೆಟ್ರೂ ಏಳಲ್ಲ. ಇವತ್ತು ಅವಳ ಕೈಗೆ ಅಂದಿದ್ನ ನಾಳೆ ನನ್ ಕೈಗೂ ಅಂತಾರೆ." ಹಾಗೆಂದು ಓರಗಿತ್ತಿಯ ಕಡೆ ತಿರುಗಿದಳು.

ಅಮ್ಮನವರು ಬೈಯಲಿಲ್ಲ, ಶಪಿಸಲಿಲ್ಲ. ಯಜಮಾನರನ್ನು ಕರೆಸಿ ನಡೆದದ್ದನ್ನು ತಿಳಿಸಿ, ಮೂವತ್ತು ದಿನದ ಎಣಿಕೆಯನ್ನು ಅಂದಿನಿಂದ ಹೊಸದಾಗಿ ಶುರು ಮಾಡಿಸಿದರು. ಅದೇ ಮಧ್ಯಾಹ್ನ ಎಲ್ಲರನ್ನೂ ಚೆನ್ನಾಜಮ್ಮನ ಹೊಲಕ್ಕೆ ಕರೆದೊಯ್ದರು. ದೇವೀರಮ್ಮ ತನ್ನ ಮನೆಯ ಒಳ್ಳೆಯ ಬಿತ್ತನೆ ಹೊತ್ತು ತಂದು, ಪಾಪ ಕಳೆಯಲೆಂದು ಮೊದಲ ಗಡ್ಡೆಯನ್ನು ತಾನೇ ನೆಡಲು ಬಗ್ಗಿದಳು.

ಅಮ್ಮನವರು ತಡೆದರು. "ನೀನು ನೆಟ್ಟರೆ ಮುತ್ತೈದೆಯ ಕೈಗುಣದಿಂದ ಬಂತು ಅನ್ನುತ್ತಾರೆ. ನೀನು ಕುಕ್ಕೆ ಹಿಡಿ. ನೆಡುವುದು ಅವಳೇ."

ಯಜಮಾನರ ಎದುರಿಗೆ ಮುತ್ತೈದೆ ಕುಕ್ಕೆ ಹಿಡಿದು ಸಾಲಿನುದ್ದಕ್ಕೂ ನಡೆದಳು. ವಿಧವೆ ನೆಡುತ್ತಾ ಹೋದಳು. ಒಬ್ಬ ಯಜಮಾನರು ಗಂಟಲು ಸರಿಮಾಡಿಕೊಂಡರು. ಅಮ್ಮನವರು ತಿರುಗಿ ನೋಡಿದ ಮೇಲೆ ಗಂಟಲು ತಾನಾಗಿ ಸರಿಹೋಯಿತು.

ಆ ಬೆಂದ ಗಡ್ಡೆಯೂ ಅಮ್ಮನವರ ಕೈ ಸೋಕಿ ಚಿಗುರಿತೆಂದು ಈಗ ಕೆಲವು ಭಕ್ತರು ಹೇಳುತ್ತಾರೆ. ಚಿಗುರಲಿಲ್ಲ. ಅದನ್ನು ತಿಪ್ಪೆಗೆ ಹಾಕಿಸಿದರು. ಅಮ್ಮನವರನ್ನು ದೊಡ್ಡವರನ್ನಾಗಿ ಮಾಡಲು ಸುಳ್ಳು ಬೇಕಾಗಿಲ್ಲ.

ಚೆನ್ನಾಜಮ್ಮ ನೆಟ್ಟದ್ದು ಇಪ್ಪತ್ತೆರಡನೆಯ ದಿನ ಎದ್ದಿತು. ಹೊಲ ಅವಳಿಗೇ ಉಳಿಯಿತು. ಮರುವರ್ಷದಿಂದ ದೇವೀರಮ್ಮ ತಮ್ಮ ಹೊಲದ ಮೊದಲ ಗಡ್ಡೆಯನ್ನೂ ಓರಗಿತ್ತಿಯನ್ನು ಕರೆಸಿಯೇ ನೆಡಿಸುತ್ತಿದ್ದಳು. ಪುಟ್ಟಮಾದಪ್ಪ ಬದುವಿನ ಮೇಲೆ ನಿಂತು, "ಊರು ಏನಂದೀತು?" ಎಂದು ಗೊಣಗುತ್ತಿದ್ದ.

"ಅಂದವ್ರನ್ನ ಕರ್ಕೊಂಡ್ ಬನ್ನಿ," ಎನ್ನುತ್ತಿದ್ದಳು ದೇವೀರಮ್ಮ, "ಒಂದೊಂದ್ ಸಾಲು ಅವ್ರೂ ಬಗ್ಗಿ ನೆಡ್ಲಿ."