ಕಾವಿಗೆ ಕೂತವಳ ಹಣ್ಣು

ಅತ್ತಿಮರದ ಮಂಗಟ್ಟೆ ಹಕ್ಕಿಯ ಬಳಿ ಪೊಟರೆ ಕೊರೆಯುವ ಕೆಲಸಕ್ಕಿದ್ದ ಮರಕುಟಿಗನಿಗೆ ಕತ್ತು ಹಿಡಿದುಕೊಂಡಿತು. ಕೆಲಸದಲ್ಲಿರುವಷ್ಟು ದಿನ, ಕಾಯಿಲೆ ಬಿದ್ದರೂ ದಿನಕ್ಕೊಂದು ಹಣ್ಣು ತಪ್ಪದು ಎಂಬುದು ಸೇರುವಾಗಲೇ ಆಗಿದ್ದ ಮಾತು. ಆರು ದಿನ ಮಲಗಿದ್ದವನು ಏಳನೆಯ ದಿನ ಬಂದು, "ಅಮ್ಮಾ, ಈ ಕತ್ತು ಇನ್ನು ಕೊರೆಯೋದಿಲ್ಲ. ಹುಣ್ಣಿಮೆಗೆ ಕೆಲಸ ಬಿಡ್ತೀನಿ. ಅಲ್ಲಿವರೆಗಿನ ಹಣ್ಣು ಕೊಡಿ" ಎಂದ.

ಕುಲದ ಪದ್ಧತಿಯಂತೆ ಪೊಟರೆಯ ಬಾಯಿಗೆ ಮಣ್ಣು ಮೆತ್ತಿಕೊಂಡು, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟು, ಮಂಗಟ್ಟಮ್ಮ ಒಳಗೆ ಕಾವಿಗೆ ಕೂತಿದ್ದಳು. ಸೀಳಿನಿಂದಲೇ ಹೇಳಿದಳು: "ಕಾಯಿಲೆ ಹಣ್ಣು ವಾಪಸ್ ಬರೋರಿಗೆ ಕಣಪ್ಪ. ಬಿಟ್ಟು ಹೋಗೋನು ಗೂಡಲ್ಲಿ ಕೂತು ತಿನ್ನೋದು ಯಾವ ನ್ಯಾಯ?"

ಅಷ್ಟರಲ್ಲಿ ಅವಳ ಗಂಡ ಹಾರಿಬಂದು ಸೀಳಿನೊಳಗೆ ಎರಡು ಹಣ್ಣು ತುರುಕಿ ಹೋದ. ಮರಕುಟಿಗನಿಗೆ ಕುತೂಹಲ ತಡೆಯಲಾಗಲಿಲ್ಲ. ನೋಯುವ ಕತ್ತನ್ನೇ ಓರೆ ಮಾಡಿ ಕೇಳಿದ:

"ಅಮ್ಮಾ, ನೀವು ಹಾರಿ ಎಷ್ಟು ದಿನ ಆಯ್ತು?"

"ನಲವತ್ತು."

"ಯಜಮಾನರು ಹಣ್ಣು ನಿಲ್ಲಿಸಲಿಲ್ವಾ?"

"ಅದು ಹೇಗೆ ನಿಲ್ಲಿಸ್ತಾರೆ? ನಾನು ಕೂರೋ ಮೊದಲೇ ಒಪ್ಪಿದ ಮಾತದು."

ಹೇಳಿದ್ದು ಅವಳ ಕಿವಿಗೇ ಬಿತ್ತು. ಸೀಳಿನಿಂದ ಹಣ್ಣೊಂದು ಹೊರಗೆ ಬಂತು.

"ಹುಣ್ಣಿಮೆಗೆ ಇನ್ನೆಷ್ಟು ದಿನ ಇದೆ?"